ಓದುವವರ ಮನೆಯಲ್ಲಿ ಓದದವರು
(‘ನಷ್ಟನೀಡ’ ಮತ್ತು ‘ವಂಶವೃಕ್ಷ’ಗಳನ್ನು ಜೊತೆಗಿಟ್ಟು ಒಂದು ವಿಚಾರ)

ಗಂಡು ಹೆಣ್ಣುಗಳ ಜಾತಕ ಕೂಡಿಸುವಾಗ ನಮ್ಮ ಹಿರಿಯರು ಗೋತ್ರ, ನಕ್ಷತ್ರ, ಸಂಬಳ, ಸ್ವಂತ ಮನೆ ಎಲ್ಲವನ್ನೂ ವಿಚಾರಿಸುತ್ತಿದ್ದರು. ‘ಹುಡುಗನಿಗೆ ಪುಸ್ತಕ ಓದುವ ಅಭ್ಯಾಸ ಉಂಟೋ?’ ಎಂದು ಕೇಳಿದವರು ಮಾತ್ರ ಅಪರೂಪ. ಈಗ ಕಾಲ ಬದಲಾಗಿದೆ. ಮಹಾನಗರಗಳಲ್ಲಿ ಬೆಳೆದ ನಮ್ಮ ಮಕ್ಕಳು ಮದುವೆಗೆ ಮೊದಲೇ ನಾಲ್ಕಾರು ಸಲ ಭೇಟಿಯಾಗುತ್ತಾರೆ, ಹೋಟೆಲಿನಲ್ಲಿ ಕುಳಿತು ಕಾಫಿ ಕುಡಿಯುತ್ತಾರೆ, ಒಬ್ಬರ ಅಭಿರುಚಿಯನ್ನು ಇನ್ನೊಬ್ಬರು ಕೇಳಿ ತಿಳಿಯುತ್ತಾರೆ. ಆಗ ಈ ಪ್ರಶ್ನೆ ತಲೆಯೆತ್ತುತ್ತದೆ: ‘ಮನುಷ್ಯ ಒಳ್ಳೆಯವನೇ. ಆದರೆ ಜನ್ಮದಲ್ಲಿ ಒಂದು ಕಾದಂಬರಿ ಮುಟ್ಟಿದವನಲ್ಲ. ಇವನೊಡನೆ ಬಾಳು ಸಾಗೀತೇ?’ ಹುಡುಗಿಯರು ಕೇಳುವಂತೆ ಹುಡುಗರೂ ಕೇಳುತ್ತಾರೆ. ಹಿರಿಯರು ಇದನ್ನು ಕೇಳಿ ನಗುತ್ತಾರೆ. ಅಕ್ಕಿ ಬೇಳೆಯ ಲೆಕ್ಕ ಶುರುವಾದರೆ ಪುಸ್ತಕ ಮೂಲೆ ಸೇರುತ್ತದೆ, ಆಮೇಲೆ ಎಲ್ಲ ಸರಿಹೋಗುತ್ತದೆ ಎಂಬುದು ಅವರ ಸಮಾಧಾನ.

ನಮ್ಮ ದೊಡ್ಡ ಲೇಖಕರು ಈ ಪ್ರಶ್ನೆಗೆ ನಕ್ಕವರಲ್ಲ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎನ್ನುತ್ತಾರಲ್ಲ, ಪುಸ್ತಕದ ವಿಷಯದಲ್ಲಿ ಆ ಗಾದೆ ನಡೆಯುವುದಿಲ್ಲ. ಏಕೆಂದರೆ ಇಲ್ಲಿ ಜಗಳವೇ ಆಗುವುದಿಲ್ಲ. ಒಬ್ಬರು ಓದುತ್ತಿರುತ್ತಾರೆ, ಇನ್ನೊಬ್ಬರು ಸುಮ್ಮನಿರುತ್ತಾರೆ. ಆಗದ ಜಗಳ ಉಂಡು ಮಲಗಿದರೂ ಮುಗಿಯುವುದು ಹೇಗೆ? ಈ ಮೌನವನ್ನು ಕುರಿತು ಎರಡು ಕೃತಿಗಳನ್ನು ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ. ಒಂದು, ರವೀಂದ್ರನಾಥ ಠಾಕೂರರು 1901ರಲ್ಲಿ ಬರೆದ ‘ನಷ್ಟನೀಡ’ ಎಂಬ ನೀಳ್ಗತೆ ಮತ್ತು ಅದನ್ನು ಆಧರಿಸಿ ಸತ್ಯಜಿತ್ ರಾಯ್ ಅವರು 1964ರಲ್ಲಿ ತೆಗೆದ ‘ಚಾರುಲತಾ’ ಚಿತ್ರ. ಇನ್ನೊಂದು, 1965ರಲ್ಲಿ ಪ್ರಕಟವಾದ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’. ಮೊದಲನೆಯದರಲ್ಲಿ ಸಾಹಿತ್ಯದ ಹುಚ್ಚು ಹೆಂಡತಿಗೆ, ಗಂಡನಿಗೆ ಅದರ ಗಂಧವಿಲ್ಲ. ಎರಡನೆಯದರಲ್ಲಿ ಗಂಡ ಮಹಾ ವಿದ್ವಾಂಸ, ಹೆಂಡತಿ ಅಡಿಗೆಮನೆಯವಳು. ಪದವಿಗಾಗಿ ವಿಜ್ಞಾನ ಓದಿದ ನನಗೆ ಇವೆರಡೂ ಒಂದೇ ಪ್ರಯೋಗವನ್ನು ಪಾತ್ರೆ ಬದಲಿಸಿ ಎರಡು ಸಲ ಮಾಡಿದಂತೆ ಕಾಣುತ್ತವೆ. ಪಾತ್ರೆ ಬದಲಾದರೂ ಫಲಿತಾಂಶ ಒಂದೇ ಬಂದರೆ, ಕಾರಣವನ್ನು ಪಾತ್ರೆಯಲ್ಲಿ ಹುಡುಕಬಾರದು.

ಮೊದಲು ‘ನಷ್ಟನೀಡ’. ಹೆಸರಿನ ಅರ್ಥ ಹಾಳಾದ ಗೂಡು. ಭೂಪತಿ ಅನುಕೂಲಸ್ಥ, ದುಡಿದು ಉಣ್ಣಬೇಕಾದ ಅಗತ್ಯವಿಲ್ಲ. ಆದರೆ ಅವನಿಗೆ ಇಂಗ್ಲಿಷ್ ಪತ್ರಿಕೆ ನಡೆಸುವ ಗೀಳು. ಸರಕಾರದ ನೀತಿ, ಗಡಿಯ ವ್ಯವಹಾರ, ಆಯವ್ಯಯ ಎಂದು ಹಗಲಿರುಳು ಬರೆಯುತ್ತಾನೆ. ಬಾಲ್ಯದಲ್ಲೇ ಕೈಹಿಡಿದ ಚಾರುಲತೆ ಯಾವಾಗ ದೊಡ್ಡವಳಾದಳು ಎಂಬುದೇ ಅವನ ಗಮನಕ್ಕೆ ಬರಲಿಲ್ಲ. ಮನೆಯಲ್ಲಿ ಆಳುಕಾಳು ಇದ್ದುದರಿಂದ ಚಾರುವಿಗೆ ಕೆಲಸವಿಲ್ಲ. ಅವಳು ಓದಿನಲ್ಲಿ ಆಸರೆ ಕಂಡಳು.

ಇಲ್ಲಿ ಓದುಗರು ಒಂದು ಸಂಗತಿ ಗಮನಿಸಬೇಕು. ಭೂಪತಿ ‘ಓದದವನು’ ಎಂದೆನಲ್ಲ, ವಾಸ್ತವದಲ್ಲಿ ಅವನು ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಓದುವವನು! ಅವನು ಓದುವುದು ಇಂಗ್ಲಿಷ್, ಅವಳು ಓದುವುದು ಬಂಗಾಳಿ. ಅವನದು ರಾಜಕೀಯ, ಅವಳದು ಕಾವ್ಯ ಮತ್ತು ಕಥೆ. ಹಾಗಾದರೆ ಗೂಡು ಹಾಳಾದುದು ಒಬ್ಬರು ಓದಿ ಇನ್ನೊಬ್ಬರು ಓದದ ಕಾರಣದಿಂದ ಎನ್ನುವಂತಿಲ್ಲ. ಒಬ್ಬರು ಓದಿದ್ದನ್ನು ಇನ್ನೊಬ್ಬರು ಕೇಳಲಿಲ್ಲ ಎಂದರೆ ಹೆಚ್ಚು ಸರಿಯಾದೀತು. ರಾಯ್ ಅವರು ಇದನ್ನು ಚಿತ್ರದ ಆರಂಭದಲ್ಲೇ ಒಂದು ಮಾತೂ ಇಲ್ಲದೆ ತೋರಿಸಿದ್ದಾರೆ. ಮಧ್ಯಾಹ್ನದ ಹೊತ್ತು. ಚಾರು ಕಪಾಟಿನಿಂದ ಬಂಕಿಮರ ಪುಸ್ತಕ ತೆಗೆಯುತ್ತಾಳೆ, ಕಿಟಕಿಯಿಂದ ಕಿಟಕಿಗೆ ಹೋಗಿ ಕೈದುರ್ಬೀನಿನಲ್ಲಿ ಬೀದಿಯ ಜನರನ್ನು ನೋಡುತ್ತಾಳೆ. ಅಷ್ಟರಲ್ಲಿ ಭೂಪತಿ ಪುಸ್ತಕವೊಂದರಲ್ಲಿ ಮುಳುಗಿದವನಾಗಿ ಅವಳೆದುರೇ ನಡೆದುಹೋಗುತ್ತಾನೆ. ಅವಳು ಅಲ್ಲಿ ನಿಂತಿರುವುದು ಅವನಿಗೆ ಕಾಣುವುದೇ ಇಲ್ಲ. ದೂರ ಹೋಗುವ ಗಂಡನನ್ನು ಅವಳು ಅದೇ ದುರ್ಬೀನಿನಲ್ಲಿ ನೋಡುತ್ತಾಳೆ. ಮಾಧವಿ ಮುಖರ್ಜಿಯವರ ಮುಖದಲ್ಲಿ ಆಗ ದುಃಖವೂ ಇಲ್ಲ, ಕೋಪವೂ ಇಲ್ಲ. ಇಬ್ಬರು ಓದುಗರಿರುವ ಮನೆ ಎಷ್ಟು ನಿಶ್ಶಬ್ದವಾಗಿರಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಶ್ಯವನ್ನು ನಾನು ಬೇರೆಲ್ಲೂ ನೋಡಿಲ್ಲ.

ಇನ್ನು ಅಮಲ್. ಭೂಪತಿಯ ಸೋದರತ್ತೆಯ ಮಗ, ಕಾಲೇಜು ಓದುವ ತರುಣ, ಸಾಹಿತ್ಯಪ್ರೇಮಿ. ಚಾರುವಿಗೆ ಕೊನೆಗೂ ಸಮಾನ ಅಭಿರುಚಿಯ ಜೊತೆ ಸಿಕ್ಕಿತು. ಇಬ್ಬರೂ ಓದುತ್ತಾರೆ, ಬರೆಯುತ್ತಾರೆ, ಹಿತ್ತಲಲ್ಲಿ ತೋಟ ಮಾಡುವ ಕನಸು ಹೆಣೆಯುತ್ತಾರೆ. ‘ಓದುವವರಿಗೆ ಓದುವವರೇ ಜೋಡಿ’ ಎಂದು ವಾದಿಸುವವರು ಇಲ್ಲಿ ಕಥೆ ಸುಖವಾಗಿ ಮುಗಿಯಬೇಕು ಎಂದಾರು. ರವೀಂದ್ರರು ಹಾಗೆ ಮುಗಿಸುವುದಿಲ್ಲ. ಬರೆದದ್ದು ತಮ್ಮಿಬ್ಬರೊಳಗೇ ಉಳಿಯಲಿ ಎಂಬುದು ಚಾರುವಿನ ಆಸೆ. ಅಮಲ್‌ಗೆ ಬೇಕಾದದ್ದು ಅಚ್ಚು, ಹೆಸರು, ನಾಲ್ಕು ಜನರ ಹೊಗಳಿಕೆ. ಅವನ ಪಾಲಿಗೆ ಚಾರು ಮೊದಲನೆಯ ಓದುಗಳು, ಒಬ್ಬಳೇ ಓದುಗಳಾಗುವುದು ಅವನಿಗೆ ಬೇಕಿಲ್ಲ. ಕೊನೆಗೆ ಅವನು ಮದುವೆ ಮಾಡಿಕೊಂಡು ವಿಲಾಯತಿಗೆ ಹೊರಟುಹೋಗುತ್ತಾನೆ. ಒಂದೇ ಪುಸ್ತಕವನ್ನು ಪ್ರೀತಿಸುವವರು ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ ಎಂಬುದಕ್ಕೆ ಯಾವ ಜಾಮೀನೂ ಇಲ್ಲ.

ನನಗೆ ಈ ಕಥೆಯಲ್ಲಿ ಹೆಚ್ಚು ತಟ್ಟುವುದು ಇದರ ನಂತರದ ಭಾಗ. ನಂಬಿದ ನೆಂಟನೇ ಹಣ ನುಂಗಿ ಪತ್ರಿಕೆ ನಿಂತುಹೋದ ಮೇಲೆ ಭೂಪತಿ ಹೆಂಡತಿಯ ಕಡೆ ತಿರುಗುತ್ತಾನೆ. ಅವಳ ಮನಸ್ಸು ಗೆಲ್ಲಲು ಬಂಗಾಳಿ ಸಾಹಿತ್ಯಕ್ಕೆ ಕೈಹಾಕುತ್ತಾನೆ, ಗುಟ್ಟಾಗಿ ತಾನೂ ಏನೋ ಬರೆದು ಅವಳಿಗೆ ತೋರಿಸುತ್ತಾನೆ. ಮಧ್ಯವಯಸ್ಸಿನ ಮನುಷ್ಯ ಹೆಂಡತಿಗಾಗಿ ಅಕ್ಷರಾಭ್ಯಾಸಕ್ಕೆ ಕುಳಿತಂತೆ ಆ ಚಿತ್ರ. ಹಾಸ್ಯ ಮಾಡಲು ಇದಕ್ಕಿಂತ ಸುಲಭವಾದ ಅವಕಾಶ ಲೇಖಕನಿಗೆ ಇನ್ನೆಲ್ಲಿ ಸಿಕ್ಕೀತು? ರವೀಂದ್ರರು ಹಾಸ್ಯ ಮಾಡುವುದಿಲ್ಲ. ಆದರೆ ಅವನನ್ನು ಗೆಲ್ಲಿಸುವುದೂ ಇಲ್ಲ. ಏಕೆಂದರೆ ಭೂಪತಿ ಸಾಹಿತ್ಯವನ್ನು ಹೆಂಡತಿಗೆ ತರುವ ಸೀರೆಯಂತೆ ತರುತ್ತಾನೆ. ಅವಳು ಏನು ಓದಿದಳು, ಅದು ಅವಳೊಳಗೆ ಏನು ಮಾಡಿತು ಎಂದು ಕೇಳುವ ಕಾಲ ಹಿಂದೆಯೇ ಕಳೆದುಹೋಗಿತ್ತು. ಓದದವರು ಓದುವವರಾಗಿ ಮಾರ್ಪಟ್ಟರೆ ಎಲ್ಲ ನೆಟ್ಟಗಾಗುತ್ತದೆ ಎಂಬ ಆಸೆಯೂ ಇಲ್ಲಿಗೆ ಮುರಿಯುತ್ತದೆ.

ಕಥೆಯ ಕೊನೆ ಕನ್ನಡಿಗರಾದ ನಮಗೆ ವಿಶೇಷವಾಗಿ ಮುಟ್ಟಬೇಕು. ಹೆಂಡತಿಯ ಮನಸ್ಸು ಅಮಲ್‌ನ ಹಿಂದೆ ಹೋಗಿದೆ ಎಂದು ತಿಳಿದ ಭೂಪತಿ ಊರು ಬಿಡಲು ನಿಶ್ಚಯಿಸುತ್ತಾನೆ. ಅವನು ಹೊರಡುವುದು ಎಲ್ಲಿಗೆ? ನಮ್ಮ ಮೈಸೂರಿಗೆ, ಅಲ್ಲಿನ ಪತ್ರಿಕೆಯೊಂದರ ಸಂಪಾದಕನಾಗಿ! ತನ್ನನ್ನೂ ಕರೆದೊಯ್ಯಬೇಕೆಂದು ಚಾರು ಕೇಳುತ್ತಾಳೆ. ಅವನು ತಡವರಿಸುತ್ತಾನೆ. ಆಮೇಲೆ ಮನಸ್ಸು ಕರಗಿ ‘ಬಾ’ ಎಂದರೆ, ಅವಳು ಬೇಡ, ಇರಲಿ ಎಂದುಬಿಡುತ್ತಾಳೆ. ಊರು ಬಿಟ್ಟು ದೂರದ ನಗರಕ್ಕೆ ಕೆಲಸಕ್ಕೆ ಬರುವುದು ಏನೆಂದು ನಮಗೆ ಗೊತ್ತು. ನಾವು ಆ ಕಡೆಯಿಂದ ಈ ಕಡೆಗೆ ಬಂದವರು, ಭೂಪತಿ ಈ ಕಡೆಯಿಂದ ಆ ಕಡೆಗೆ ಹೋದವನು. ವರ್ಗವಾದಾಗ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗುವುದೇ, ಬಿಟ್ಟು ಹೋಗುವುದೇ ಎಂದು ಒಂದು ರಾತ್ರಿಯಾದರೂ ಯೋಚಿಸಿದ ಸರಕಾರಿ ನೌಕರನಿಗೆ ಆ ಕ್ಷಣದ ತಡವರಿಕೆಯ ತೂಕ ತಿಳಿಯುತ್ತದೆ.

ರಾಯ್ ಅವರು ಚಿತ್ರದಲ್ಲಿ ಈ ಅಂತ್ಯವನ್ನು ಬದಲಿಸಿದರು. ಮೈಸೂರು ಅಲ್ಲಿ ಬರುವುದಿಲ್ಲ. ಅದರ ಬದಲು ಸಮುದ್ರತೀರದ ಒಂದು ದೃಶ್ಯವಿದೆ. ಪತ್ರಿಕೆ ಕಳೆದುಕೊಂಡು ಕುಗ್ಗಿದ ಗಂಡನಿಗೆ ಚಾರು ಒಂದು ಸಲಹೆ ಕೊಡುತ್ತಾಳೆ: ಪತ್ರಿಕೆಯನ್ನು ಮತ್ತೆ ಹೊರಡಿಸೋಣ, ಇಂಗ್ಲಿಷ್ ಮತ್ತು ಬಂಗಾಳಿ ಎರಡೂ ಇರಲಿ, ರಾಜಕೀಯ ನಿನ್ನದು, ಬಂಗಾಳಿಯ ಭಾಗ ನನ್ನದು. ಇಡೀ ಚಿತ್ರದಲ್ಲಿ ಗಂಡ ಹೆಂಡಿರಿಬ್ಬರೂ ಒಟ್ಟಿಗೆ ಹಿಗ್ಗುವ ಕ್ಷಣ ಇದು. ಮೂಲ ಕಥೆಗೆ ರಾಯ್ ಅವರು ಸೇರಿಸಿದ ಅತಿ ಮುಖ್ಯ ವಿಚಾರವೂ ಇದೇ ಎಂದು ನನ್ನ ಅಭಿಪ್ರಾಯ. ಅವನು ಅವಳ ಓದಿಗೆ ಬರಬೇಕಿಲ್ಲ, ಅವಳು ಅವನ ಓದಿಗೆ ಹೋಗಬೇಕಿಲ್ಲ, ಪತ್ರಿಕೆ ಒಂದೇ ಆದರೆ ಸಾಕು. ಆದರೆ ಈ ಮಾತು ಹೊಳೆಯುವ ಹೊತ್ತಿಗೆ ತಡವಾಗಿದೆ. ಮನೆಗೆ ಬಂದರೆ ಅಮಲ್‌ನ ಪತ್ರ ಕಾದಿದೆ, ಅದರೊಡನೆ ಚಾರುವಿನ ಅಳು, ಭೂಪತಿಯ ಅರಿವು. ಚಿತ್ರದ ಕೊನೆಯಲ್ಲಿ ಪರಸ್ಪರ ಚಾಚಿದ ಎರಡು ಕೈಗಳು ಕೂಡುವ ಮೊದಲೇ ನಿಶ್ಚಲವಾಗಿ ನಿಂತುಬಿಡುತ್ತವೆ. 1965ರಲ್ಲಿ ಬರ್ಲಿನ್ ಉತ್ಸವದಲ್ಲಿ ಈ ಚಿತ್ರದ ನಿರ್ದೇಶನಕ್ಕೆ ಪ್ರಶಸ್ತಿ ಬಂದಿತು. ರವೀಂದ್ರರ ಕಥೆ ಬಾಗಿಲು ಮುಚ್ಚಿದರೆ, ರಾಯ್ ಅವರ ಚಿತ್ರ ಅದನ್ನು ಅರ್ಧ ತೆರೆದಿಡುತ್ತದೆ. ಕಥೆಯ ಕಠೋರತೆ ಹೆಚ್ಚು ಸತ್ಯ ಎನ್ನುವವರಿದ್ದಾರೆ. ಸಮುದ್ರತೀರದ ಆ ಸಲಹೆಯೊಂದರಿಂದಲೇ ನನ್ನ ಮತ ಚಿತ್ರದ ಕಡೆಗೆ.

ಈಗ ಪ್ರಯೋಗದ ಎರಡನೆಯ ಪಾತ್ರೆ. ‘ವಂಶವೃಕ್ಷ’ ಎಂದೊಡನೆ ನಮಗೆ ಶ್ರೀನಿವಾಸ ಶ್ರೋತ್ರಿಯರೂ ಕಾತ್ಯಾಯಿನಿಯೂ ನೆನಪಾಗುತ್ತಾರೆ. ಕಾದಂಬರಿಯ ಬಗ್ಗೆ ನಡೆದ ಚರ್ಚೆಯೂ ಬಹುಪಾಲು ಅವರ ಸುತ್ತಲೇ ತಿರುಗಿದೆ. ಅದರ ಪಕ್ಕದಲ್ಲೇ ಹರಿಯುವ ಸದಾಶಿವರಾಯನ ಕಥೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಅವನು ಮೈಸೂರಿನಲ್ಲಿ ಇತಿಹಾಸದ ಪ್ರಾಧ್ಯಾಪಕ. ಭಾರತದ ಸಾಂಸ್ಕೃತಿಕ ಇತಿಹಾಸವನ್ನು ಸಂಪುಟ ಸಂಪುಟವಾಗಿ ಬರೆಯಲು ಹೊರಟವನು. ಹೆಂಡತಿ ನಾಗಲಕ್ಷ್ಮಿ ಸಾಧ್ವಿ. ಗಂಡನ ಊಟ ಉಪಚಾರದಲ್ಲಿ ಎಳ್ಳಷ್ಟೂ ಕೊರತೆ ಮಾಡದವಳು, ಆದರೆ ಅವನ ವಿದ್ಯೆಯಲ್ಲಿ ಭಾಗಿಯಾಗಲಾರದವಳು. ಸಂಶೋಧನೆಗಾಗಿ ಸಿಂಹಳದಿಂದ ಬಂದ ಕರುಣರತ್ನೆ ಅವನ ಬರವಣಿಗೆಗೆ ನೆರವಾಗುತ್ತಾಳೆ. ತನ್ನ ಬುದ್ಧಿಗೆ ಸರಿಜೋಡಿ ಇವಳೇ ಎಂದು ಸದಾಶಿವರಾಯ ನಿರ್ಣಯಿಸುತ್ತಾನೆ, ಮೊದಲ ಹೆಂಡತಿ ಇರುವಾಗಲೇ ಅವಳನ್ನು ಮದುವೆಯಾಗುತ್ತಾನೆ.

ಗುಜರಾತಿನಲ್ಲಿಯೂ ದೆಹಲಿಯಲ್ಲಿಯೂ ನೌಕರಿ ಮಾಡಿದ ಭೈರಪ್ಪನವರಿಗೆ ವಿದ್ವಾಂಸರ ಮನೆಗಳ ಒಳಗು ಹೊರಗು ಚೆನ್ನಾಗಿ ಗೊತ್ತಿತ್ತು. ಅವರು ಇಲ್ಲಿ ಸದಾಶಿವರಾಯನನ್ನು ದುಷ್ಟನನ್ನಾಗಿ ಮಾಡಿಲ್ಲ. ಅವನ ಹಸಿವು ನಿಜವಾದ ಹಸಿವು. ಹಗಲೆಲ್ಲ ತಲೆಯಲ್ಲಿ ತುಂಬಿಕೊಂಡದ್ದನ್ನು ಸಂಜೆ ಒಬ್ಬರಿಗಾದರೂ ಹೇಳದಿದ್ದರೆ ಓದುವವನಿಗೆ ಉಸಿರು ಕಟ್ಟುತ್ತದೆ ಎಂಬುದನ್ನು ಓದುವ ಹವ್ಯಾಸವಿರುವ ಯಾರೂ ಅಲ್ಲಗಳೆಯಲಾರರು. ಆದರೆ ಮುಂದೆ ಆಗುವುದೇನು? ಓದಿನ ಸಂಗಾತಿಯಾಗಿ ಬಂದ ಕರುಣರತ್ನೆಯೂ ಒಂಟಿಯಾಗುತ್ತಾಳೆ. ಅವಳಿಗೆ ಮಗುವಿನ ಹಂಬಲ, ಅವನಿಗೆ ಮುಂದಿನ ಸಂಪುಟದ ಹಂಬಲ. ನಾಗಲಕ್ಷ್ಮಿ ರಾಮನಾಮದ ಆಸರೆ ಹಿಡಿಯುತ್ತಾಳೆ. ಸದಾಶಿವರಾಯನ ದೇಹ ಗ್ರಂಥದ ಭಾರಕ್ಕೆ ಕುಸಿದು ಅವನು ತೀರಿಕೊಳ್ಳುತ್ತಾನೆ. ಓದುವವಳನ್ನು ಕಟ್ಟಿಕೊಂಡರೂ ಅವನ ಮನೆಯಲ್ಲಿ ಒಂದು ಒಂಟಿತನದ ಬದಲು ಎರಡು ಒಂಟಿತನಗಳಾದುವು. ಚಾರುವಿಗೆ ಅಮಲ್ ಹೇಗೆ ಉತ್ತರವಾಗಲಿಲ್ಲವೋ ಹಾಗೆಯೇ ಸದಾಶಿವರಾಯನಿಗೆ ಕರುಣರತ್ನೆ ಉತ್ತರವಾಗಲಿಲ್ಲ.

ಈ ಭಾಗದ ಬಗ್ಗೆ ನನ್ನದೊಂದು ಆಕ್ಷೇಪಣೆಯಿದೆ. ಅವನು ಬರೆಯುತ್ತಿರುವುದು ಸಾಂಸ್ಕೃತಿಕ ಇತಿಹಾಸ. ಆ ಸಂಸ್ಕೃತಿಯ ಬಹುಭಾಗ ಅವನ ಮನೆಯ ಅಡಿಗೆಮನೆಯಲ್ಲೇ ಉಸಿರಾಡುತ್ತಿದೆ: ವ್ರತ, ಹಬ್ಬ, ರಂಗೋಲಿ, ತಾಯಿ ಅಜ್ಜಿಯರಿಂದ ಬಂದ ಹಾಡು ಕಥೆ. ನಾಗಲಕ್ಷ್ಮಿ ಆ ಗ್ರಂಥವನ್ನು ಓದಲಾರಳು, ನಿಜ. ಆದರೆ ಅದರ ಒಂದು ಅಧ್ಯಾಯಕ್ಕೆ ಅವಳೇ ಸಾಕ್ಷಿ. ದೂರದ ಶಿಲಾಶಾಸನವನ್ನು ಓದಬಲ್ಲ ಕಣ್ಣು ಎದುರಿಗೆ ಬಡಿಸುವವಳನ್ನು ಓದಲಿಲ್ಲ. ಈ ವ್ಯಂಗ್ಯ ಕಾದಂಬರಿಯ ವಸ್ತುವಿನಲ್ಲೇ ಹುದುಗಿದೆ. ಲೇಖಕರು ನಾಗಲಕ್ಷ್ಮಿಗೆ ನಮ್ಮ ಮರುಕವನ್ನು ಧಾರಾಳವಾಗಿ ದೊರಕಿಸಿಕೊಟ್ಟಿದ್ದಾರೆ. ಅವಳ ತಿಳಿವಳಿಕೆಗೆ ಅಷ್ಟೇ ಧಾರಾಳವಾಗಿ ಜಾಗ ಕೊಟ್ಟಿದ್ದರೆ, ಓದದವರ ಕಡೆಯ ನ್ಯಾಯವೂ ಇನ್ನಷ್ಟು ಗಟ್ಟಿಯಾಗಿ ಕೇಳಿಸುತ್ತಿತ್ತು. ರವೀಂದ್ರರು ತಮ್ಮ ಓದದ ಪಾತ್ರವಾದ ಭೂಪತಿಯ ಮನಸ್ಸನ್ನು ಕೊನೆಯ ಅಧ್ಯಾಯಗಳಲ್ಲಿ ಪೂರ್ತಿ ಬಿಚ್ಚಿಟ್ಟಿದ್ದಾರೆ. ಈ ಒಂದು ಅಂಶದಲ್ಲಿ ‘ನಷ್ಟನೀಡ’ದ ಕೈ ಮೇಲು.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಅಂದಿನ ಓದದ ಹೆಂಡತಿಯನ್ನು ಅರಸಿಕಳೆಂದು ತೀರ್ಮಾನಿಸುವುದು ಅನ್ಯಾಯ. ‘ನಷ್ಟನೀಡ’ ಬಂದ 1901ರ ಜನಗಣತಿಯ ಪ್ರಕಾರ ನಮ್ಮ ದೇಶದ ಹೆಂಗಸರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಒಬ್ಬರೂ ಇರಲಿಲ್ಲ. ‘ವಂಶವೃಕ್ಷ’ಕ್ಕೆ ನಾಲ್ಕು ವರ್ಷ ಹಿಂದಿನ, ಅಂದರೆ 1961ರ ಗಣತಿಯಲ್ಲಿ ಗಂಡಸರಲ್ಲಿ ನೂರಕ್ಕೆ ಸುಮಾರು 40 ಮಂದಿ ಅಕ್ಷರಸ್ಥರಾದರೆ, ಹೆಂಗಸರಲ್ಲಿ ಸುಮಾರು 15. ನಾಗಲಕ್ಷ್ಮಿಯಂಥವರು ಓದನ್ನು ಬಿಟ್ಟವರಲ್ಲ, ಓದಿನ ಬಾಗಿಲೇ ಅವರಿಗೆ ಕಿರಿದಾಗಿತ್ತು. ಓದಿನ ರುಚಿಯನ್ನು ಗುಣವೆಂದು ಎಣಿಸುವ ಮೊದಲು, ಅದು ಎಷ್ಟರಮಟ್ಟಿಗೆ ಸಿಕ್ಕ ಅವಕಾಶ ಎಂದೂ ಲೆಕ್ಕ ಹಾಕಬೇಕು.

‘ಇಂದು ಎಲ್ಲರೂ ಪದವೀಧರರು. ಇನ್ನೂ ಈ ಮಾತು ಏಕೆ?’ ಎಂದು ಯಾರಾದರೂ ಕೇಳಬಹುದು. ಅಕ್ಷರದ ಅಂತರ ಮುಚ್ಚಿದ ಮೇಲೆ ಉಳಿದಿರುವುದು ಭೂಪತಿ ಚಾರುವಿನ ಅಂತರ. ಹೊರನಾಡಿನ ನಮ್ಮ ಮನೆಗಳಲ್ಲಿ ಅದು ಭಾಷೆಯ ರೂಪದಲ್ಲೂ ಬರುತ್ತದೆ. ಮನೆಗೆ ಮರಾಠಿ ಸೊಸೆ ಬಂದಿರುತ್ತಾಳೆ, ತಮಿಳು ಅಳಿಯ ಬಂದಿರುತ್ತಾನೆ. ಅಥವಾ ಕನ್ನಡದವರೇ ಆದರೂ ದೆಹಲಿ ಮುಂಬಯಿಗಳಲ್ಲಿ ಬೆಳೆದು ಲಿಪಿ ಕಲಿಯದವರಾಗಿರುತ್ತಾರೆ. ಸಂಘದ ಪುಸ್ತಕ ಭಂಡಾರದಿಂದ ತಂದ ಕಾದಂಬರಿಯನ್ನು ಒಬ್ಬರು ಮೂಲೆಯಲ್ಲಿ ಕುಳಿತು ಓದುವಾಗ, ಇನ್ನೊಬ್ಬರು ತಮಗೆ ಆ ಪುಟ ಗೋಡೆಯಂತೆ ಕಂಡರೂ ಏನೂ ಹೇಳದೆ ಟೀವಿ ಹಾಕುತ್ತಾರೆ. ಅವರು ಅರಸಿಕರೇ? ಅವರದೇ ಭಾಷೆಯಲ್ಲಿ ಅವರೂ ಒಂದು ಚಾರುಲತೆ ಇದ್ದಾರು. ಕೇಳಿದವರು ಯಾರು?

ಪುಸ್ತಕವನ್ನು ಒಬ್ಬೊಬ್ಬರೇ ಬಾಯಿ ಮುಚ್ಚಿ ಓದುವುದು ನಮ್ಮ ನಾಡಿನ ಹಳೆಯ ರೂಢಿಯೇನಲ್ಲ. ಕುಮಾರವ್ಯಾಸನ ಭಾರತವನ್ನು, ಲಕ್ಷ್ಮೀಶನ ಜೈಮಿನಿಯನ್ನು ಗಮಕಿಗಳು ರಾಗವಾಗಿ ವಾಚಿಸುತ್ತಿದ್ದರು, ಪಕ್ಕದಲ್ಲಿ ಕುಳಿತವರು ಅರ್ಥ ಹೇಳುತ್ತಿದ್ದರು, ಸುತ್ತಲಿದ್ದವರು ಕೇಳುತ್ತಿದ್ದರು. ಓದುವವನೊಬ್ಬ, ಕೇಳುವವರು ಊರೆಲ್ಲ. ಹೆಬ್ಬೆಟ್ಟು ಒತ್ತುವ ಅಜ್ಜಿಗೂ ಕರ್ಣನ ಮೇಲೆ ಒಂದು ಅಭಿಪ್ರಾಯವಿರುತ್ತಿತ್ತು. ಅವಳು ಸಾಹಿತ್ಯದ ಹೊರಗಿನವಳಾಗಿರಲಿಲ್ಲ. ಅಚ್ಚಿನ ಪುಸ್ತಕ ಅಗ್ಗವಾಗಿ ನಮ್ಮ ನಮ್ಮ ಕೈಗೆ ಬಂದು ಎಷ್ಟೋ ಉಪಕಾರ ಮಾಡಿದೆ. ಅದರೊಡನೆ, ಓದುವವನನ್ನೂ ಪಕ್ಕದಲ್ಲಿ ಕುಳಿತವರನ್ನೂ ಬೇರೆ ಬೇರೆ ಕೋಣೆಗೆ ಕಳಿಸಿಯೂ ಇದೆ. ಭೂಪತಿ ತನ್ನ ಪತ್ರಿಕೆಯ ಸಂಪಾದಕೀಯವನ್ನು ಚಾರುವಿಗೆ ಅವಳ ಭಾಷೆಯಲ್ಲಿ ವಿವರಿಸಿದ್ದರೆ, ಸದಾಶಿವರಾಯ ತನ್ನ ಒಂದು ಅಧ್ಯಾಯವನ್ನು ಊಟದ ಹೊತ್ತಿನಲ್ಲಿ ನಾಗಲಕ್ಷ್ಮಿಗೆ ಕಥೆಯಾಗಿ ಹೇಳಿದ್ದರೆ ಎಂದು ಎರಡೂ ಕೃತಿಗಳು ನಮ್ಮನ್ನು ಯೋಚಿಸುವಂತೆ ಮಾಡುತ್ತವೆ.

ಆದ್ದರಿಂದ ಹೋಟೆಲಿನಲ್ಲಿ ಕಾಫಿ ಮುಂದಿಟ್ಟುಕೊಂಡು ಕುಳಿತ ತರುಣ ತರುಣಿಯರಿಗೆ ಈ ಕೃತಿಗಳ ಪರವಾಗಿ ಒಂದು ಸೂಚನೆ. ‘ನೀವು ಓದುತ್ತೀರಾ?’ ಎಂಬ ಪ್ರಶ್ನೆ ಸಾಲದು. ಅಮಲ್ ಅದಕ್ಕೆ ‘ಹೌದು’ ಎಂದಾನು, ಕರುಣರತ್ನೆಯೂ ‘ಹೌದು’ ಎಂದಾಳು. ನೀವು ಓದಿದ ಒಂದು ಕಥೆಯನ್ನು ಎದುರಿಗಿರುವವರಿಗೆ ಹೇಳಿ ನೋಡಿ. ‘ಆಮೇಲೆ ಏನಾಯಿತು?’ ಎಂದು ಅವರು ಕೇಳಿದರೆ, ಜನ್ಮದಲ್ಲಿ ಪುಸ್ತಕ ಮುಟ್ಟದವರಾದರೂ ಭಯವಿಲ್ಲ. ಪರೀಕ್ಷೆ ಅಲ್ಲಿಗೆ ಮುಗಿಯುವುದಿಲ್ಲ. ಅವರು ತಮ್ಮ ಕ್ರಿಕೆಟ್ಟನ್ನೋ ಸಂಗೀತವನ್ನೋ ಆಫೀಸಿನ ಪುರಾಣವನ್ನೋ ಹೇಳತೊಡಗಿದಾಗ ‘ಆಮೇಲೆ?’ ಎಂದು ಕೇಳುವ ಸರದಿ ನಿಮ್ಮದು. ಓದುವವರಿಗೆ ತಾವು ಒಂದು ಮೆಟ್ಟಿಲು ಮೇಲಿದ್ದೇವೆಂಬ ಗರ್ವ ಬಹು ಬೇಗ ಬರುತ್ತದೆ. ಗೂಡು ಹಾಳಾಗಲು ಆ ಒಂದು ಮೆಟ್ಟಿಲಿನ ಎತ್ತರ ಸಾಕು.

‘ವಂಶವೃಕ್ಷ’ ಓದಿದವರು ಸದಾಶಿವರಾಯನ ಭಾಗವನ್ನು ಈ ದೃಷ್ಟಿಯಿಂದ ಇನ್ನೊಮ್ಮೆ ತಿರುವಿಹಾಕಬೇಕೆಂದೂ, ‘ಚಾರುಲತಾ’ ನೋಡದವರು ಅವಶ್ಯ ನೋಡಬೇಕೆಂದೂ ನನ್ನ ವಿನಂತಿ. ಮನೆಯಲ್ಲಿ ಓದದವರು ಇದ್ದರೆ ಚಿತ್ರವನ್ನು ಅವರ ಪಕ್ಕದಲ್ಲಿ ಕುಳಿತು ನೋಡಿ, ಕಾದಂಬರಿಯನ್ನು ಅವರಿಗೆ ಓದಿ ಹೇಳಿ. ನಾಗಲಕ್ಷ್ಮಿಯ ವಿಷಯದಲ್ಲಿ ಅವರು ಹೇಳುವ ಅಭಿಪ್ರಾಯ ನಮ್ಮಂಥವರ ವಿಮರ್ಶೆಗಿಂತ ನೇರವಾಗಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.